ಖಾಲಿ ಬರುವಾಗ ನಡುಗುವ ಗಾಡಿ: ಕಮಾನ್ ಪಟ್ಟಿ, ಜಾಯಿಂಟ್ ಕ್ರಾಸಿನ ಹಳೇ ಕಥೆ

ಈ ಸಲ ಬೆಳೆ ವಿಚಾರ ಅಲ್ಲ, ಬೆಳೆ ಹೊರೋ ಗಾಡಿ ವಿಚಾರ. ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ. ಹಳೇ ಪಿಕಪ್ ಇಟ್ಕೊಂಡಿರೋರು ಟೊಮೇಟೊ ಕೊಯ್ಲು ಶುರುವಾಗೋಕೆ ಮುಂಚೆ ಓದಿದರೆ ಇನ್ನೂ ಒಳ್ಳೇದು.

ನಮ್ಮ ಪಿಕಪ್‌ಗೆ ಈಗ 14 ವರ್ಷ. ಹೋದ ವರ್ಷದಿಂದ ಅದಕ್ಕೆ ಒಂದು ವಿಚಿತ್ರ ಕಾಯಿಲೆ ಹಿಡಿದಿತ್ತು. ಕೋಲಾರ ಮಂಡಿಗೆ ಫುಲ್ ಲೋಡ್ ಹಾಕ್ಕೊಂಡು ಹೋಗುವಾಗ ಏನೂ ತಕರಾರಿಲ್ಲ. ಖಾಲಿ ಬಾಕ್ಸ್ ಹಾಕ್ಕೊಂಡು ವಾಪಸ್ ಬರುವಾಗ ಮಾತ್ರ 50 ದಾಟುತ್ತಿದ್ದ ಹಾಗೆ ಸೀಟಿನ ಕೆಳಗೆ ಗುಂಯ್ ಅಂತ ನಡುಕ ಶುರು. 60ಕ್ಕೆ ಹೋದರೆ ಡ್ಯಾಶ್‌ಬೋರ್ಡ್ ಮೇಲಿಟ್ಟ ಮೊಬೈಲ್ ಜಾರಿ ಬೀಳ್ತಿತ್ತು. ಅದರ ಜೊತೆಗೆ ಇನ್ನೊಂದು ನಷ್ಟ. ಮೊದಲನೇ ಕೊಯ್ಲಿನಲ್ಲಿ 30-40 ಬಾಕ್ಸ್ ಅಷ್ಟೇ ಇರುತ್ತೆ. ಆ ಹಗುರ ಲೋಡಿನಲ್ಲಿ ಹೊಲದ ದಾರಿ ದಾಟೋಷ್ಟರಲ್ಲಿ ಗಾಡಿ ಕುಕ್ಕಿ ಕುಕ್ಕಿ ತಳದ ಬಾಕ್ಸಿನ ಹಣ್ಣು ಮೆತ್ತಗಾಗಿರೋದು. ಮಂಡಿಯಲ್ಲಿ ಬಾಕ್ಸ್ ಬಗ್ಗಿಸಿ ನೋಡಿದ ಮೇಲೆ ಯಾರು ತಾನೇ ಒಳ್ಳೇ ರೇಟ್ ಕೂಗ್ತಾರೆ?

ಎಲ್ಲರೂ ಮಾಡೋದನ್ನೇ ನಾನೂ ಮಾಡಿದೆ. ಮುಂದಿನ ಎರಡು ಟೈರ್ ಹೊಸದು ಹಾಕಿಸಿದೆ, ಬ್ಯಾಲೆನ್ಸಿಂಗ್ ಮಾಡಿಸಿದೆ, ನಾಲ್ಕೂ ಶಾಕ್ ಅಬ್ಸಾರ್ಬರ್ ಬದಲಾಯಿಸಿದೆ. 22 ಸಾವಿರ ಹೋಯ್ತು, ನಡುಕ ಹೋಗಲಿಲ್ಲ. ರಾತ್ರಿ ಮೂರು ಗಂಟೆಗೆ ಗಾಡಿ ಓಡಿಸೋನು ನನ್ನ ತಮ್ಮನ ಮಗ. "ದೊಡ್ಡಪ್ಪಾ, ಕೆಳಗಡೆ ಏನೋ ಕಳಚಿಕೊಳ್ಳೋ ಹಾಗೆ ಅನ್ನಿಸುತ್ತೆ" ಅಂತ ಅವನು ಎರಡು ಸಲ ಹೇಳಿದ. ಆಮೇಲೆ ನನಗೆ ನಿದ್ದೆ ಬರಲಿಲ್ಲ.

ಆವಾಗ ಕೂತು, ಈ ಗಾಡಿ ಕೆಳಗೆ ಇರೋ ಒಂದೊಂದು ಸಾಮಾನೂ ಯಾಕೆ ಬಂತು, ಯಾವ ಕಷ್ಟ ತೀರಿಸೋಕೆ ಬಂತು ಅಂತ ಹಿಂದಕ್ಕೆ ಹೋಗಿ ಓದಿದೆ. ಕಾಯಿಲೆ ಸಿಕ್ಕಿದ್ದು ಅಲ್ಲೇ. ಅದಕ್ಕೇ ಆ ಕಥೆಯಿಂದಲೇ ಶುರು ಮಾಡ್ತೀನಿ.

ತಾತನ ಗಾಡಿಯಲ್ಲಿ ಕಮಾನ್ ಇರಲಿಲ್ಲ

ನಮ್ಮ ತಾತನ ಕಾಲದ ಎತ್ತಿನ ಗಾಡಿ ನೆನಪು ಮಾಡ್ಕೊಳ್ಳಿ. ಮರದ ಚಕ್ರ, ನಡುವೆ ಗುಂಬ, ಅರೆಕಾಲು, ಮೇಲೆ ಕಾಯಿಸಿ ಬಿಗಿದ ಕಬ್ಬಿಣದ ಹಳಿ. ಗಾಡಿಯ ಮೈ ನೇರವಾಗಿ ಅಚ್ಚಿನ ಮೇಲೇ ಕೂತಿರುತ್ತೆ. ಕಲ್ಲಿನ ಮೇಲೆ ಚಕ್ರ ಹತ್ತಿದರೆ ಆ ಕುಲುಕು ಪೂರ್ತಿ ಮೇಲೆ ಕೂತವನ ಬೆನ್ನಿಗೆ. ರಾಗಿ ಮೂಟೆಗೆ, ಗೊಬ್ಬರಕ್ಕೆ ಅದರಿಂದ ಏನೂ ಆಗಲ್ಲ. ಎತ್ತಿನ ನಡಿಗೆ ಗಂಟೆಗೆ ಮೂರ್ನಾಲ್ಕು ಕಿಲೋಮೀಟರ್, ಅಷ್ಟು ನಿಧಾನಕ್ಕೆ ಕಮಾನ್ ಬೇಕಾಗಿಯೂ ಇರಲಿಲ್ಲ.

ವೇಗ ಬಂದ ಕಡೆ ಮಾತ್ರ ಕಷ್ಟ ಶುರುವಾಯ್ತು. ಯುರೋಪಿನಲ್ಲಿ ಕುದುರೆ ಸಾರೋಟುಗಳು ಓಡೋಕೆ ಶುರುವಾದಾಗ ಮೊದಲು ಗಾಡಿಯ ಮೈಯನ್ನ ತೊಗಲಿನ ಪಟ್ಟಿಯಲ್ಲಿ ನೇತು ಹಾಕಿದ್ರು. ಆಮೇಲೆ ಉಕ್ಕಿನ ಪಟ್ಟಿಗಳನ್ನ ಒಂದರ ಮೇಲೊಂದು ಜೋಡಿಸಿ ಕಮಾನು ಮಾಡಿದ್ರು. 1804ರ ಸುಮಾರಿಗೆ ಲಂಡನ್ನಿನ ಸಾರೋಟು ಕಟ್ಟೋ ಒಬಾಡಯ ಎಲಿಯಟ್ ಅನ್ನೋನು ಗಾಡಿಯ ಮೈಯನ್ನ ನೇರವಾಗಿ ಕಮಾನಿಗೆ, ಕಮಾನನ್ನ ನೇರವಾಗಿ ಅಚ್ಚಿಗೆ ಕೂರಿಸೋ ಪದ್ಧತಿಗೆ ಪೇಟೆಂಟ್ ತಗೊಂಡ. ಇವತ್ತು ನಮ್ಮ ಪಿಕಪ್ ಹಿಂದಿನ ಹೌಸಿಂಗ್ ಮೇಲೆ ಯು ಬೋಲ್ಟ್ ಹಾಕಿ ಬಿಗಿದಿರೋದೂ ಆ ಜಾತಿಯ ಜೋಡಣೆಯೇ. ಇನ್ನೂರು ವರ್ಷದಲ್ಲಿ ಉಕ್ಕು ಬದಲಾಗಿದೆ, ಲೆಕ್ಕ ಬದಲಾಗಿಲ್ಲ.

ಆ ಲೆಕ್ಕ ಕಂಡುಹಿಡಿದಿದ್ದು ಇನ್ನೂ ಹಿಂದೆ. ರಾಬರ್ಟ್ ಹುಕ್ ಅಂತ ಇಂಗ್ಲೆಂಡಿನವನು, 1635ರಲ್ಲಿ ಹುಟ್ಟಿದ್ದು. ಬೆಂಡಿನ ತೆಳು ಚೂರನ್ನ ಸೂಕ್ಷ್ಮದರ್ಶಕದಲ್ಲಿ ನೋಡಿ ಅದರ ಗೂಡುಗಳಿಗೆ 'ಸೆಲ್' ಅಂತ ಹೆಸರಿಟ್ಟನಲ್ಲ, ನಮ್ಮ ಮಕ್ಕಳು ಶಾಲೆಯಲ್ಲಿ ಜೀವಕೋಶದ ಪಾಠದಲ್ಲಿ ಓದೋದು, ಅವನೇ ಇವನು. 1678ರಲ್ಲಿ ಅವನು ಸ್ಪ್ರಿಂಗಿನ ನಿಯಮ ವಿವರಿಸಿ ಪ್ರಕಟಿಸಿದ. ಭಾರ ಎಷ್ಟೋ ಬಾಗೋದು ಅಷ್ಟು. 100 ಕೆಜಿಗೆ ಒಂದು ಸೆಂಟಿಮೀಟರ್ ಕುಸಿದರೆ 200 ಕೆಜಿಗೆ ಎರಡು. ಹುಕ್ ಹೆಸರು ಮರೀಬೇಡಿ, ಇವನು ನಮ್ಮ ಗಾಡಿ ಕೆಳಗೆ ಇನ್ನೊಂದು ಕಡೆಯೂ ಇದ್ದಾನೆ.

ನಾವು ಪಟ್ಟಿ ಸೇರಿಸಿದ್ದು

ನಾಲ್ಕು ವರ್ಷದ ಹಿಂದೆ ರೇಟ್ ಚೆನ್ನಾಗಿದ್ದಾಗ ಒಂದೇ ಟ್ರಿಪ್ಪಿಗೆ 130 ಬಾಕ್ಸ್ ಹೊರಲಿ ಅಂತ ಹಿಂದೆ ಎರಡೂ ಕಡೆ ಎರಡೆರಡು ಪಟ್ಟಿ ಜಾಸ್ತಿ ಹಾಕಿಸಿದ್ದೆ. ಬಾಕ್ಸಿಗೆ 15 ಕೆಜಿ ಹಣ್ಣು, ಬಾಕ್ಸಿನ ತೂಕ ಬೇರೆ. ಎರಡು ಟನ್ ದಾಟುತ್ತೆ. ಆರ್‌ಸಿಯಲ್ಲಿ ಬರೆದಿರೋದಕ್ಕಿಂತ ಎಷ್ಟು ಜಾಸ್ತಿ ಅಂತ ನಿಮಗೆಲ್ಲ ಗೊತ್ತು. ನಮ್ಮ ಕಡೆ ಪಟ್ಟಿ ಸೇರಿಸದ ಗಾಡಿ ಹುಡುಕಬೇಕು.

ಹುಕ್ ಲೆಕ್ಕದಲ್ಲಿ ಇದನ್ನ ನೋಡಿ. ಒಂದೇ ಅಳತೆಯ ಐದು ಪಟ್ಟಿ ಏಳಾದರೆ ಕಮಾನು ಹೆಚ್ಚುಕಡಿಮೆ ನೂರಕ್ಕೆ 40ರಷ್ಟು ಗಟ್ಟಿಯಾಗುತ್ತೆ. ಪಟ್ಟಿಯ ದಪ್ಪ ಬದಲಾದರೆ ಇನ್ನೂ ಕಷ್ಟ. 8 ಎಂಎಂ ಪಟ್ಟಿ ತೆಗೆದು ಅದೇ ಉದ್ದ, ಅದೇ ಅಗಲದ 10 ಎಂಎಂ ಪಟ್ಟಿ ಹಾಕಿದರೆ ಆ ಪಟ್ಟಿ ಎರಡರಷ್ಟು ಗಟ್ಟಿ. ಎರಡು ಎಂಎಂ ಅಂದ್ರೆ ಕಣ್ಣಿಗೆ ಕಾಣಲ್ಲ, ಬೆನ್ನಿಗೆ ಗೊತ್ತಾಗುತ್ತೆ. ಎರಡು ಟನ್ನಿಗೆ ಅಂತ ಕಟ್ಟಿದ ಕಮಾನಿನ ಮೇಲೆ ಅರ್ಧ ಟನ್ ಇಟ್ಟರೆ ಅದು ಬಾಗೋದೇ ಇಲ್ಲ. ಮೇಲಿರೋ ಹಣ್ಣಿನ ಪಾಲಿಗೆ ಅದು ತಾತನ ಗಾಡಿಯೇ. ಮೊದಲ ಕೊಯ್ಲಿನ ಹಣ್ಣು ಮೆತ್ತಗಾಗ್ತಿದ್ದ ಕಾರಣ ಹೀಗೆ ತಿಳಿಯಿತು.

ಇಲ್ಲಿ ಇನ್ನೊಂದು ಮಾತು. ಪಟ್ಟಿ ಪಟ್ಟಿ ಒಂದರ ಮೇಲೊಂದು ಉಜ್ಜಿಕೊಂಡು ಜಾರಬೇಕು, ಆ ಉಜ್ಜಾಟವೇ ಕುಣಿತವನ್ನ ತಡೆಯುತ್ತೆ. ನಮ್ಮದರಲ್ಲಿ ಕೆಸರು ನೀರು ನುಗ್ಗಿ, ತುಕ್ಕು ಹಿಡಿದು, ಏಳೂ ಪಟ್ಟಿ ಒಂದೇ ಗಟ್ಟಿ ಆಗಿದ್ವು. ಶ್ಯಾಕಲ್ ಬುಶ್ ಒಂದು ಕಡೆ ಪೂರ್ತಿ ತಿಂದುಹೋಗಿತ್ತು. ಹೊಸ ಶಾಕ್ ಅಬ್ಸಾರ್ಬರ್ ಹಾಕಿ ಏನು ಪ್ರಯೋಜನ? ಕಮಾನು ಆಡಿದರೆ ತಾನೇ ಶಾಕಿಗೆ ಕೆಲಸ.

ಟೈರಿನ ಮೇಲೆ ಅನುಮಾನ ಬರೋದು ಸಹಜ

ಕುಲುಕು ಕಡಿಮೆ ಮಾಡಿದ ಇನ್ನೊಂದು ಸಾಮಾನು ಗಾಳಿ ಟೈರು. 1845ರಲ್ಲೇ ರಾಬರ್ಟ್ ಥಾಮ್ಸನ್ ಅನ್ನೋ ಸ್ಕಾಟ್ಲೆಂಡಿನವನು ಅದಕ್ಕೆ ಪೇಟೆಂಟ್ ತಗೊಂಡಿದ್ದ, ಆದರೆ ಅದು ಬಳಕೆಗೆ ಬರದೆ ಮರೆತುಹೋಯ್ತು. 1888ರಲ್ಲಿ ಮತ್ತೆ ಅದನ್ನ ತಂದವನು ಜಾನ್ ಬಾಯ್ಡ್ ಡನ್ಲಪ್, ಬೆಲ್‌ಫಾಸ್ಟ್ ಊರಿನಲ್ಲಿ ದನದ ಡಾಕ್ಟರ್. ಮಗನ ಮೂರು ಚಕ್ರದ ಸೈಕಲ್ ಕಲ್ಲು ಹಾಸಿನ ಬೀದಿಯಲ್ಲಿ ಕುಲುಕುತ್ತೆ ಅಂತ ರಬ್ಬರ್ ಕೊಳವೆಗೆ ಗಾಳಿ ತುಂಬಿ ಕಟ್ಟಿದ. ನಮ್ಮ ಎತ್ತಿನ ಗಾಡಿಗೂ ಆಮೇಲೆ ಟೈರು ಬಂತು, ಬೇರಿಂಗ್ ಬಂತು. ಬೆಂಗಳೂರು ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿ ಸುಧಾರಿಸಬೇಕು, ಎತ್ತಿನ ಹೆಗಲಿನ ನೋವು ತಗ್ಗಿಸಬೇಕು ಅಂತ ವರ್ಷಗಟ್ಟಲೆ ಓಡಾಡಿದ್ರು. ಮ್ಯಾನೇಜ್‌ಮೆಂಟ್ ಕಲಿಸೋ ಸಂಸ್ಥೆಯ ಮುಖ್ಯಸ್ಥರು ನೊಗದ ಬಗ್ಗೆ ತಲೆ ಕೆಡಿಸಿಕೊಂಡಿದ್ದು ನಮ್ಮ ರಾಜ್ಯದಲ್ಲೇ.

ಟೈರಿನ ನಡುಕಕ್ಕೆ ಅದರದ್ದೇ ಲಕ್ಷಣ ಇದೆ. ನಮ್ಮ ಪಿಕಪ್ ಚಕ್ರ ಒಂದು ಸುತ್ತಿಗೆ ಸುಮಾರು ಎರಡು ಮೀಟರ್ ಹೋಗುತ್ತೆ. 60ರ ವೇಗದಲ್ಲಿ ಸೆಕೆಂಡಿಗೆ ಎಂಟು ಸುತ್ತು. ಟೈರು ಉಬ್ಬಿದ್ರೆ, ರಿಮ್ ಬಾಗಿದ್ರೆ, ಬ್ಯಾಲೆನ್ಸ್ ಇಲ್ಲದಿದ್ರೆ ಸೆಕೆಂಡಿಗೆ ಎಂಟು ಸಲ ಕುಲುಕುತ್ತೆ. ಅಂದ್ರೆ ದಡದಡ ಅಂತ ಕೈಗೆ ಗೊತ್ತಾಗೋ ಅಷ್ಟು ನಿಧಾನ. ಮುಂದಿನ ಚಕ್ರ ಆದ್ರೆ ಸ್ಟೇರಿಂಗಿನಲ್ಲಿ, ಹಿಂದಿನದಾದ್ರೆ ಸೀಟಿನಲ್ಲಿ. ನಮ್ಮ ಗಾಡಿಯಲ್ಲಿ ಸ್ಟೇರಿಂಗ್ ಸುಮ್ಮನೆ ಇತ್ತು, ನಡುಕ ಜೇನುಗೂಡಿನ ಹಾಗೆ ಗುಂಯ್ ಅಂತಿತ್ತು. ಇದು ಮೊದಲೇ ಗೊತ್ತಿದ್ದಿದ್ರೆ ಮುಂದಿನ ಎರಡು ಟೈರಿನ ದುಡ್ಡು ಉಳೀತಿತ್ತು.

ಚೈನು ಹೋಗಿ ಶಾಫ್ಟ್ ಬಂತು

ಮೊದಮೊದಲ ಕಾರುಗಳಲ್ಲಿ ಎಷ್ಟೋ ಗಾಡಿಗಳ ಹಿಂದಿನ ಚಕ್ರ ತಿರುಗಿಸ್ತಿದ್ದಿದ್ದು ಚೈನು, ಸೈಕಲ್ಲಿನ ಹಾಗೆ. ಧೂಳು, ಸದ್ದು, ಪದೇ ಪದೇ ಕಡಿಯೋದು. 1898ರಲ್ಲಿ ಫ್ರಾನ್ಸಿನ ಲೂಯಿ ರೆನೊ, ಆವಾಗ ಅವನಿಗೆ 21 ವರ್ಷ, ಚೈನು ಕಿತ್ತು ಹಾಕಿ ಗೇರ್ ಬಾಕ್ಸಿನಿಂದ ಹಿಂದಿನ ಅಚ್ಚಿಗೆ ಶಾಫ್ಟ್ ಕೊಟ್ಟ ಸಣ್ಣ ಕಾರು ಮಾಡಿದ. ಆ ವರ್ಷ ಡಿಸೆಂಬರ್ 24ರಂದು ಪ್ಯಾರಿಸ್ಸಿನ ಕಡಿದಾದ ಬೀದಿಯೊಂದನ್ನ ಅದು ಹತ್ತಿ ತೋರಿಸಿತು.

ಆದರೆ ಶಾಫ್ಟಿಗೆ ಒಂದು ಕಷ್ಟ ಇದೆ. ಗೇರ್ ಬಾಕ್ಸ್ ಚಾಸಿಗೆ ಬಿಗಿದಿರುತ್ತೆ, ಹಿಂದಿನ ಹೌಸಿಂಗ್ ಕಮಾನಿನ ಮೇಲೆ ಮೇಲೆ ಕೆಳಗೆ ಆಡುತ್ತೆ. ಎರಡರ ನಡುವೆ ಬಗ್ಗೋ ಕೀಲು ಬೇಕು. ಅದೇ ನಾವು ಜಾಯಿಂಟ್ ಕ್ರಾಸ್ ಅನ್ನೋದು. ಇಟಲಿಯ ಕಾರ್ಡಾನೊ ಹೆಸರಿನಿಂದ ಕಾರ್ಡನ್ ಜಾಯಿಂಟ್ ಅಂತಾರೆ. ಇನ್ನೊಂದು ಹೆಸರು ಹುಕ್ ಜಾಯಿಂಟ್. ಹೌದು, ಅದೇ ಹುಕ್. 1670ರ ದಶಕದಲ್ಲಿ ಆಕಾಶ ನೋಡೋ ಉಪಕರಣಗಳಿಗೆ ಅಂತ ಈ ಕೀಲನ್ನ ಬಳಸಿ, ಅದರ ಒಂದು ಗುಣ ಗಮನಿಸಿದ.

ಆ ಗುಣವೇ ನಮ್ಮ ಕಾಯಿಲೆ. ಕೀಲು ಬಾಗಿದ್ದಾಗ ಈ ಕಡೆ ಒಂದೇ ಸಮ ತಿರುಗಿಸಿದ್ರೂ ಆ ಕಡೆ ಒಂದೇ ಸಮ ತಿರುಗಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಜೋರಾಗುತ್ತೆ, ಎರಡು ಸಲ ನಿಧಾನ ಆಗುತ್ತೆ. ಬಾಗು 5 ಡಿಗ್ರಿ ಇದ್ದರೆ ಈ ಏರಿಳಿತ ನೂರಕ್ಕೆ ಅರ್ಧಕ್ಕಿಂತ ಕಡಿಮೆ. 15 ಡಿಗ್ರಿ ಆದರೆ ನೂರಕ್ಕೆ ಮೂರೂವರೆ. ಬಾಗು ಮೂರು ಪಟ್ಟು, ನಡುಕ ಒಂಬತ್ತು ಪಟ್ಟು.

ಇದಕ್ಕೆ ಪರಿಹಾರವನ್ನೂ ಹುಕ್ 1683ರಲ್ಲಿ ಸೂಚಿಸಿದ. ಒಂದು ಕೀಲು ಬೇಡ, ಶಾಫ್ಟಿನ ಎರಡು ತುದಿಗೂ ಒಂದೊಂದು ಕೀಲು ಹಾಕಿ. ಸರಿಯಾಗಿ ಕೂರಿಸಿದ್ರೆ ಮೊದಲನೆಯದು ಮಾಡಿದ ಏರಿಳಿತವನ್ನ ಎರಡನೆಯದು ಸರಿ ಮಾಡುತ್ತೆ. ಷರತ್ತು ಎರಡು. ಎರಡೂ ಕಡೆ ಬಾಗು ಸಮ ಇರಬೇಕು, ಮತ್ತು ಶಾಫ್ಟಿನ ಎರಡೂ ತುದಿಯ ಕವೆಯ ಕಿವಿಗಳು ಒಂದೇ ನೇರದಲ್ಲಿ ಇರಬೇಕು. ಕಿವಿಗಳು ಕಾಲು ಸುತ್ತು ಜರುಗಿದ್ರೆ ಸರಿ ಮಾಡೋ ಬದಲು ಎರಡರ ಏರಿಳಿತವೂ ಕೂಡಿಕೊಳ್ಳುತ್ತೆ.

1903ರಲ್ಲಿ ಅಮೆರಿಕದ ಕ್ಲಾರೆನ್ಸ್ ಸ್ಪೈಸರ್ ಈ ಕೀಲಿಗೆ ಕವಚ ಮಾಡಿ ಪೇಟೆಂಟ್ ತಗೊಂಡ. ಗ್ರೀಸ್ ಒಳಗೇ ಇರಬೇಕು, ಮಣ್ಣು ಹೊರಗೇ ಇರಬೇಕು, ಅಷ್ಟೇ ಅದರ ಉದ್ದೇಶ. ಆಮೇಲೆ ಶಾಫ್ಟ್ ಗಾಡಿಗಳೇ ಊರೆಲ್ಲ ಆದವು. ಯುದ್ಧದ ಕಾಲದ ವಿಲ್ಲಿಸ್ ಜೀಪಿನ ಕೆಳಗೆ ಇದ್ದಿದ್ದೂ ಇದೇ ಕಮಾನ್ ಪಟ್ಟಿ, ಇದೇ ಶಾಫ್ಟು, ಇದೇ ಕ್ರಾಸು. ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ಆ ಜೀಪನ್ನ ಮುಂಬೈಯಲ್ಲಿ ಜೋಡಿಸೋಕೆ ಶುರು ಮಾಡಿದ್ರು. ನಮ್ಮ ಹಳ್ಳಿಗಳ ಮೆಕ್ಯಾನಿಕ್‌ಗಳು ಎಷ್ಟೋ ಜನ ಕೈ ಪಳಗಿಸಿಕೊಂಡಿದ್ದು ಅಂಥ ಜೀಪುಗಳ ಕೆಳಗೇ.

ಕಾಯಿಲೆ ಸಿಕ್ಕಿದ್ದು

ಇಷ್ಟು ತಿಳಿದ ಮೇಲೆ ಒಂದು ಭಾನುವಾರ ಗಾಡಿ ತಗೊಂಡು ಹೊರಟೆ. ಮಾಡಿದ್ದು ಇಷ್ಟೇ, ನೀವೂ ಮಾಡಬಹುದು.

ಒಂದು, ನಡುಕ ಬರೋ ವೇಗ ನೋಡಿದೆ, 55. ಅದೇ ವೇಗದಲ್ಲಿ ನಾಲ್ಕನೇ ಗೇರಿನಲ್ಲಿ ಹೋದೆ, ಐದನೇ ಗೇರಿನಲ್ಲಿ ಹೋದೆ. ನಡುಕ ಬದಲಾಗಲಿಲ್ಲ. ಇಂಜಿನ್ ಸುತ್ತು ಬದಲಾದ್ರೂ ನಡುಕ ಹಾಗೇ ಇದೆ ಅಂದ್ರೆ ಇಂಜಿನ್, ಇಂಜಿನ್ ಮೌಂಟಿಂಗ್, ಕ್ಲಚ್ ಕಡೆಯದ್ದಲ್ಲ.

ಎರಡು, ನೇರ ಖಾಲಿ ರಸ್ತೆಯಲ್ಲಿ ಸ್ವಲ್ಪ ದೂರ ನ್ಯೂಟ್ರಲ್ ಮಾಡಿ ಬಿಟ್ಟೆ. ಇಂಜಿನ್ ಆಫ್ ಮಾಡಬಾರದು, ಬ್ರೇಕ್ ಗಟ್ಟಿಯಾಗುತ್ತೆ. ಆವಾಗಲೂ ನಡುಕ ಇತ್ತು. ಅಂದ್ರೆ ಗೇರ್ ಬಾಕ್ಸಿನಿಂದ ಹಿಂದಕ್ಕೆ, ತಿರುಗೋ ಸಾಮಾನಿನಲ್ಲೇ ಇದೆ.

ಮೂರು, ಎಣಿಕೆ. ಹಿಂದಿನ ಕ್ರೌನ್ ಲೆಕ್ಕದಲ್ಲಿ ಚಕ್ರ ಒಂದು ಸುತ್ತು ಬರೋಷ್ಟರಲ್ಲಿ ಶಾಫ್ಟ್ ಸುಮಾರು ನಾಲ್ಕು ಸುತ್ತು. 60ರ ವೇಗದಲ್ಲಿ ಚಕ್ರ ಸೆಕೆಂಡಿಗೆ 8, ಶಾಫ್ಟ್ 32, ಕ್ರಾಸಿನ ಏರಿಳಿತ ಸುತ್ತಿಗೆ ಎರಡರಂತೆ 64. ಗುಂಯ್ ಅನ್ನೋದು ಈ 64ರ ಸದ್ದು.

ನಾಲ್ಕು, ಲೋಡ್ ಇದ್ದಾಗ ಇಲ್ಲ, ಖಾಲಿ ಇದ್ದಾಗ ಇದೆ. ಟೈರಿನ ತಪ್ಪಾಗಿದ್ರೆ ಎರಡೂ ಹೊತ್ತು ಇರಬೇಕಿತ್ತು. ಖಾಲಿ ಆದಾಗ ಬದಲಾಗೋದು ಹಿಂಭಾಗದ ಎತ್ತರ. ಏಳು ಪಟ್ಟಿಯ ಕಮಾನು ಖಾಲಿ ಗಾಡಿಯನ್ನ ಎತ್ತಿ ಹಿಡಿಯುತ್ತೆ, ಶಾಫ್ಟಿನ ಬಾಗು ಜಾಸ್ತಿ ಆಗುತ್ತೆ.

ಆಮೇಲೆ ನಮ್ಮ ಹಳೇ ಮೇಸ್ತ್ರಿ ಹತ್ತಿರ ಹೋದೆ. ಈಗ ಅವರು ಗ್ಯಾರೇಜ್ ಮಗನಿಗೆ ಬಿಟ್ಟಿದ್ದಾರೆ. ಚಕ್ರಕ್ಕೆ ಕಲ್ಲು ಕೊಟ್ಟು, ಚಾಸಿಗೆ ಮರದ ದಿಮ್ಮಿ ಕೊಟ್ಟು ಕೆಳಗೆ ನುಗ್ಗಿದ್ರು. ಸೀಮೆಸುಣ್ಣ ಕೇಳಿದ್ರು. ಸೆಂಟರ್ ಬೇರಿಂಗಿನಿಂದ ಹಿಂದಿನ ಹೌಸಿಂಗ್‌ವರೆಗಿನ ಶಾಫ್ಟ್ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು, "ಬಗ್ಗಿ ನೋಡಣ್ಣ, ಈ ಕಡೆ ಕಿವಿ ಮಲಗಿದೆ, ಆ ಕಡೆ ಕಿವಿ ನಿಂತಿದೆ" ಅಂದ್ರು. ಒಂದೂವರೆ ವರ್ಷದ ಹಿಂದೆ ಕ್ರಾಸ್ ಬದಲಾಯಿಸಿದಾಗ, ಜಾರೋ ಸ್ಪ್ಲೈನ್ ಬಿಚ್ಚಿ ಮತ್ತೆ ಕೂರಿಸುವಾಗ ಕಾಲು ಸುತ್ತು ಜರುಗಿಸಿ ಕೂರಿಸಿದ್ರು. ಗ್ರೀಸ್ ಒರೆಸಿದ್ರೆ ಎರಡೂ ತುಂಡಿನ ಮೇಲೆ ಬಾಣದ ಗುರುತು ಕಾಣಿಸ್ತು, ಒಂದು ಎಡಕ್ಕೆ, ಒಂದು ಕೆಳಕ್ಕೆ. ಹುಕ್‌ನ ಎರಡನೇ ಷರತ್ತು ಮುರಿದಿತ್ತು. ಲೋಡ್ ಇದ್ದಾಗ ಬಾಗು ಕಡಿಮೆ, ಹಾಗಾಗಿ ತಪ್ಪು ಮುಚ್ಚಿಹೋಗ್ತಿತ್ತು. ಖಾಲಿ ಆದಾಗ ನಾನು ಹಾಕಿಸಿದ ಪಟ್ಟಿಗಳೇ ಅದನ್ನ ಎತ್ತಿ ತೋರಿಸ್ತಿದ್ವು.

ಅಷ್ಟೇ ಅಲ್ಲ. ಹಿಂದಿನ ಕ್ರಾಸಿನ ಕಪ್ಪಿನ ಸುತ್ತ ಕೆಂಪು ಪುಡಿ ಇತ್ತು. ಗ್ರೀಸ್ ಒಣಗಿ ಸೂಜಿ ಬೇರಿಂಗ್ ತುಕ್ಕು ಹಿಡಿದ್ರೆ ಹಾಗೆ ಬರುತ್ತೆ. ಶಾಫ್ಟನ್ನ ಕೈಯಲ್ಲಿ ಹಿಂದಕ್ಕೂ ಮುಂದಕ್ಕೂ ತಿರುವಿದ್ರೆ ಕಟ್ ಕಟ್ ಅಂತಿತ್ತು. ಸೆಂಟರ್ ಬೇರಿಂಗಿನ ರಬ್ಬರ್ ಅರ್ಧ ಹರಿದಿತ್ತು. "ಇನ್ನೆಷ್ಟು ದಿನ ಓಡ್ತಿತ್ತೋ" ಅಂದ್ರು ಮೇಸ್ತ್ರಿ. ಶಾಫ್ಟಿನ ಹಿಂದಿನ ತುದಿ ಕಳಚಿದ್ರೆ ರಸ್ತೆ ಮೇಲೆ ಎಳೆದಾಡುತ್ತೆ. ಮುಂದಿನ ತುದಿ ಬಿದ್ದರೆ ರಸ್ತೆಗೆ ಚುಚ್ಚಿಕೊಂಡು ಗಾಡಿಯನ್ನೇ ಎತ್ತಿ ಒಗೆಯುತ್ತೆ. ಹುಡುಗ ಹೇಳಿದ್ದು ಸರಿಯಾಗೇ ಇತ್ತು.

ಕ್ರಾಸು, ಸೆಂಟರ್ ಬೇರಿಂಗು, ಶ್ಯಾಕಲ್ ಬುಶ್ಶು ಹೊಸದು ಹಾಕಿ, ಬಾಣಕ್ಕೆ ಬಾಣ ಕೂಡಿಸಿ ಜೋಡಿಸಿದ್ರು. ಸೇರಿಸಿದ್ದ ಪಟ್ಟಿ ತೆಗೆಸಿದೆ, ಉಳಿದವನ್ನ ಬಿಚ್ಚಿ ತುಕ್ಕು ಕೆರೆದು ಕೂರಿಸಿದ್ವಿ. ಟೈರಿಗೆ ಹಾಕಿದ ದುಡ್ಡಿನಷ್ಟೂ ಖರ್ಚಾಗಲಿಲ್ಲ. ವಾಪಸ್ ಬರುವಾಗ 60ರಲ್ಲಿ ಬಂದೆ, ಮೊಬೈಲ್ ಇಟ್ಟ ಜಾಗದಲ್ಲೇ ಇತ್ತು.

ಈಗ 130 ಬಾಕ್ಸ್ ಹೊರಲ್ಲ, 75 ಅಷ್ಟೇ. ಜೋರು ಕೊಯ್ಲಿನಲ್ಲಿ ಎರಡು ಟ್ರಿಪ್ ಹೊಡೀಬೇಕು, ಇಲ್ಲ ಪಕ್ಕದ ತೋಟದವರ ಗಾಡಿ ಜೊತೆ ಸೇರಿಸಿಕೊಳ್ಳಬೇಕು. ಡೀಸೆಲ್ ಲೆಕ್ಕ ನನಗೂ ಚುಚ್ಚುತ್ತೆ, ಸುಳ್ಳು ಹೇಳಲ್ಲ. ಆದರೆ ಮೊದಲ ಕೊಯ್ಲಿನ ಹಣ್ಣು ಗಟ್ಟಿಯಾಗೇ ಮಂಡಿ ಸೇರ್ತಿದೆ, ಮೂರು ಗಂಟೆಗೆ ಹುಡುಗ ಹೊರಟಾಗ ನಾನು ಮಲಗಬಲ್ಲೆ.

ನೀವು ನೋಡಬೇಕಾದ್ದು

ದುಡ್ಡು ಹಾಕೋಕೆ ಮುಂಚೆ ರಿಮ್ ಒಳಗೆ ಮೆತ್ತಿ ಒಣಗಿದ ಮಣ್ಣು ಕೆರೀರಿ. ಎಷ್ಟೋ ನಡುಕ ಅಲ್ಲೇ ಹೋಗುತ್ತೆ. ಖಾಲಿ ಓಡಿಸುವಾಗ ಟೈರಿನಲ್ಲಿ ಫುಲ್ ಲೋಡಿನ ಗಾಳಿ ಇದ್ದರೆ ಅದೂ ಕುಕ್ಕುತ್ತೆ. ಯು ಬೋಲ್ಟ್ ಬಿಗಿ ನೋಡಿ, ಪಟ್ಟಿ ಸೀಳಿದೆಯಾ ನೋಡಿ. ಟೈರಿನ ಮೇಲೆ ಅಲೆ ಅಲೆಯಾಗಿ ಸವೆದಿದ್ರೆ ಶಾಕ್ ಅಬ್ಸಾರ್ಬರ್ ಹೋಗಿರಬಹುದು. ಕ್ರಾಸಿಗೆ ಗ್ರೀಸ್ ನಿಪ್ಪಲ್ ಇದ್ದರೆ ಕೆಸರಿನಲ್ಲಿ ಓಡಾಡಿದ ಮೇಲೆ ಗ್ರೀಸ್ ಹೊಡೀರಿ. ಶಾಫ್ಟ್ ಬಿಚ್ಚಿಸೋಕೆ ಮುಂಚೆ ನೀವೇ ನಿಂತು ಪೇಂಟಿನಲ್ಲಿ ಒಂದು ಗೆರೆ ಎಳೆಸಿ, ಜೋಡಿಸಿದ ಮೇಲೆ ಆ ಗೆರೆ ಕೂಡಿದೆಯಾ ಅಂತ ನೋಡಿ. ಕೆಳಗೆ ನುಗ್ಗುವಾಗ ಇಂಜಿನ್ ಆಫ್, ಕೀ ಜೇಬಿನಲ್ಲಿ. ಬರೀ ಜಾಕ್ ನಂಬಿ ಯಾರೂ ಕೆಳಗೆ ಹೋಗಬೇಡಿ.

ನಮ್ಮನೇಲಿ ಗ್ರೀಸ್ ಗನ್ ಇದೆ, ಬೇಕಾದೋರು ಬಂದು ತಗೊಂಡು ಹೋಗಿ, ಕೆಲಸ ಆದ ಮೇಲೆ ಒರೆಸಿ ವಾಪಸ್ ಕೊಡಿ. ಪಟ್ಟಿ ಸೇರಿಸಿದ ಗಾಡಿ ಇರೋರು ಭಾನುವಾರ ಬೆಳಿಗ್ಗೆ ತಂದರೆ ಒಂದು ಸೀಮೆಸುಣ್ಣ ಹಿಡಿದು ಒಟ್ಟಿಗೇ ನೋಡೋಣ.